ಹಿತ್ತಲಿನ ಚಿತ್ರ ಹಜಾರಕ್ಕೆ ತಡವಾಗಿ ಬಂದಾಗ

ಏಣಿ ಹತ್ತುವುದನ್ನು ಬಿಟ್ಟ ಮೇಲೆ ನನಗೆ ಮಾತು ಜಾಸ್ತಿಯಾಗಿದೆ ಎಂದು ಮನೆಯಲ್ಲಿ ದೂರು. ಇರಬಹುದು. ಇಷ್ಟು ವರ್ಷ ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಕೆಲಸ ಮಾಡಿದವನು ನಾನು, ಮಾತಿಗೆ ಜಾಗವೆಲ್ಲಿತ್ತು? ದೇವನಹಳ್ಳಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯೊಂದಕ್ಕೆ ಟೆಕ್ನೀಷಿಯನ್ ಆಗಿ ಸೇರಿದೆ, ಟೆಕ್ನೀಷಿಯನ್ ಆಗಿಯೇ ಹೊರಬಂದೆ. ನಡುವೆ ಒಮ್ಮೆ ಹೆಸರಿನ ಹಿಂದೆ ಸೀನಿಯರ್ ಎಂದು ಸೇರಿಸಿದರು. ಅದರಿಂದ ಏಣಿಯ ತೂಕವೇನೂ ಕಡಿಮೆಯಾಗಲಿಲ್ಲ, ಆದ್ದರಿಂದ ಆ ವಿಷಯ ಅಲ್ಲಿಗೇ ಬಿಡೋಣ.

ಈಗ ಈ ಕೆಲಸಕ್ಕೆ ಬರುತ್ತಿರುವವರಿಗೆ ಹೇಳಬೇಕಾದದ್ದು ಬೇರೆ ಇದೆ. ಮನೆಗೆ ಕ್ಯಾಮೆರಾ ಹಾಕುವುದು ಕಷ್ಟವಲ್ಲ. ಗೋಡೆ ಕೊರೆಯಿರಿ, ಸ್ಕ್ರೂ ಬಿಗಿಯಿರಿ, ಚಿತ್ರ ಬರುತ್ತದೆ. ಮನೆಯವರು ಕಾಫಿ ಕೊಡುತ್ತಾರೆ. ಕಷ್ಟ ಶುರುವಾಗುವುದು ಕಾಫಿ ಕುಡಿದು ಬಂದ ಮೇಲೆ. ಅಲ್ಲಿ ಈಗ ನಡೆದದ್ದು ಇಲ್ಲಿ ಈಗಲೇ ಕಾಣಬೇಕು. ತಡವಾಗಿ ಬಂದರೆ ಅದು ನೇರ ದೃಶ್ಯವಲ್ಲ, ಹಳೇ ಸುದ್ದಿ. ಈ ತಡದ ಜೊತೆ ನಾನು ಮಾಡಿದ ಜಗಳಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಿಜಯಪುರದ ಪಿಳ್ಳಮ್ಮನವರ ಮನೆಯದು. ಆ ತಡ ಹೋಗದಿದ್ದರೆ ಆ ತಾಯಿಯ ಕೈಯಿಂದ ರೇಷ್ಮೆ ಶೆಡ್ಡೇ ಹೋಗುತ್ತಿತ್ತು. ಆ ಜಗಳವನ್ನು ನಾವು ಗೆದ್ದೆವು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ಕಲಿತ ಒಂದೆರಡು ಪಾಠ ಹೇಳಬೇಕು.

ಮೊದಲ ಪಾಠ ಕಲಿಸಿದ್ದು ದೊಡ್ಡಬೆಳವಂಗಲದ ಒಬ್ಬ ಅಜ್ಜ. ಅವರ ಮನೆಗೆ ಹಳೇ ಕಾಲದ ಕ್ಯಾಮೆರಾ ಹಾಕಿದ್ದವನೂ ನಾನೇ. ಕ್ಯಾಮೆರಾದಿಂದ ದಪ್ಪ ವೈರು, ವೈರಿನ ತುದಿಗೆ ಪೆಟ್ಟಿಗೆ, ಪೆಟ್ಟಿಗೆಯಿಂದ ಟೀವಿ. ಮುಖಗಳೆಲ್ಲ ಗಂಜಿಯಲ್ಲಿ ಅದ್ದಿ ತೆಗೆದಂತೆ ಕಾಣುತ್ತಿದ್ದವು. ಆಮೇಲೆ ಹೊಸ ಮಾದರಿ ಬಂತು, ವೈರಿಲ್ಲ, ಮೊಬೈಲಿನಲ್ಲೇ ಎಲ್ಲ. ಹಳೆಯದನ್ನು ಕಿತ್ತು ಹೊಸದು ಹಾಕಿ, ಹುಲ್ಲುಕಡ್ಡಿ ಕೂಡ ಎಣಿಸಬಹುದು ಎಂದು ಕೊಚ್ಚಿಕೊಂಡು ಬಂದೆ. ಅಜ್ಜ ಒಂದು ವಾರ ಬಿಟ್ಟು ಅಂಗಡಿಗೇ ಬಂದರು.

"ಏನಪ್ಪಾ ಶಿವಣ್ಣ, ಹಳೇದ್ರಲ್ಲಿ ನಮ್ಮ ನಾಯಿ ಬೊಗಳ್ದಾಗ್ಲೇ ಬಾಯಿ ತೆಗೀತಿತ್ತು. ನಿನ್ನ ಹೊಸದ್ರಲ್ಲಿ ಬೊಗಳಿ ಮುಗಿಸಿ, ಮಲಗಿ, ಆಮೇಲೆ ಬಾಯಿ ತೆಗೀತೈತೆ. ಯಾರು ಬಂದವ್ರೆ ಅಂತ ನಾನು ಮೊಬೈಲು ನೋಡೋ ಹೊತ್ಗೆ ಬಂದೋರು ಹೊಂಟೇ ಹೋಗಿರ್ತಾರೆ ಕಣಪ್ಪಾ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು. ಚಿತ್ರ ಚೆನ್ನಾಗಿದ್ದರೆ ಸಾಕು ಎಂದು ನಾನು ನಂಬಿದ್ದೆ. ಚಿತ್ರ ಚೆನ್ನಾಗಿರುವುದು ಬೇರೆ, ಸಮಯಕ್ಕೆ ಬರುವುದು ಬೇರೆ ಎಂದು ಅವತ್ತು ತಲೆಗೆ ಹೋಯಿತು.

ಎರಡನೆಯದು ಜಡಿಗೇನಹಳ್ಳಿಯ ಚಂದ್ರಪ್ಪನದು. ಅವರ ತಾರಸಿಯಲ್ಲಿ ಒಣಗಿಸಿದ ಹುಣಸೆಹಣ್ಣಿಗೆ ಕೋತಿಗಳ ಕಾಟ. ಮಾತಾಡುವ ಕ್ಯಾಮೆರಾ ಬೇಕು ಎಂದರು, ಹಾಕಿಕೊಟ್ಟೆ. ಕೆಳಗೆ ಕೂತು ಮೊಬೈಲಿನಲ್ಲಿ ಕೂಗಿದರೆ ಮೇಲೆ ಸ್ಪೀಕರಿನಲ್ಲಿ ಕೇಳುತ್ತದೆ. ಒಂದು ದಿನ ಮೊಬೈಲಿನಲ್ಲಿ ಕೋತಿ ಕಂಡಿತು. ಚಂದ್ರಪ್ಪ ಎದೆ ತುಂಬ ಉಸಿರೆಳೆದು, "ಏ ಕಳ್ಳ ಮುಂಡೇದೇ, ತಿಂದಿದ್ದು ಸಾಕು, ಎದ್ದೋಗು!" ಎಂದು ಗುಡುಗಿದರು. ಅಷ್ಟರಲ್ಲಿ ಕೋತಿ ಹಾರಿ ಹೋಗಿತ್ತು. ಹುಣಸೆಹಣ್ಣು ತಿರುವಿ ಹಾಕಲು ಅವರ ಅತ್ತೆ ಬಂದು ಕೂತಿದ್ದರು. ಮಧ್ಯಾಹ್ನದ ಬಸ್ಸಿಗೆ ಅತ್ತೆ ಊರಿಗೆ ಹೊರಟರು. ಸಂಜೆ ಅಂಗಡಿಗೆ ಬಂದ ಚಂದ್ರಪ್ಪನ ಮುಖ ನೋಡಬೇಕಿತ್ತು.

ಹೋಗಿ ನೋಡಿದರೆ ವೈಫೈ ಡಬ್ಬಿಯನ್ನು ಧೂಳು ತಾಗಬಾರದೆಂದು ಕಬ್ಬಿಣದ ಬೀರುವಿನೊಳಗೆ, ಸೀರೆಗಳ ನಡುವೆ ಇಟ್ಟು ಬಾಗಿಲು ಹಾಕಿದ್ದರು. ಅದನ್ನು ಹೊರಗೆ ತೆಗೆದು ಮೆಟ್ಟಿಲ ಗೋಡೆಯ ಮೇಲಿಟ್ಟೆ, ಚಿತ್ರದ ಗುಣಮಟ್ಟ ಒಂದು ಹಂತ ಇಳಿಸಿದೆ. ತಡ ಬಹಳ ಕಡಿಮೆಯಾಯಿತು. ಅತ್ತೆ ಮಾತ್ರ ಹಬ್ಬದವರೆಗೂ ಬರಲಿಲ್ಲವಂತೆ.

ಇಂಥ ದೂರುಗಳಿಗೆಲ್ಲ ನಮ್ಮ ಯಜಮಾನರಾದ ಗೋಪಾಲಯ್ಯನವರ ಬಳಿ ಒಂದೇ ಔಷಧಿಯಿತ್ತು. "ನೆಟ್ ಸ್ಲೋ ಅನ್ನು, ದೊಡ್ಡ ಪ್ಲಾನ್ ಹಾಕ್ಸಿ ಅನ್ನು, ಬಾ." ಬಿಳಿ ಪಂಚೆ, ಬಿಳಿ ಶರ್ಟು, ಕೈಯಲ್ಲಿ ಯಾವಾಗಲೂ ಫೋನು. ಅವರಿಗೂ ನನಗೂ ವಾರಕ್ಕೊಮ್ಮೆಯಾದರೂ ಮಾತಿಗೆ ಮಾತು ಬೆಳೆಯುತ್ತಿತ್ತು. ಒಳ್ಳೆಯ ಮನುಷ್ಯರೇ, ಆದರೆ ಒಂದು ಮನೆಗೆ ಎರಡನೇ ಸಲ ಹೋಗುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ.

ಇನ್ನು ಪಿಳ್ಳಮ್ಮನವರ ವಿಷಯ.

ವಿಜಯಪುರದಲ್ಲಿ ಅವರ ಮನೆ ಮುಂದೆ, ರೇಷ್ಮೆ ನೂಲು ಬಿಚ್ಚುವ ಶೆಡ್ಡು ಹಿತ್ತಲಲ್ಲಿ. ನಡುವೆ ಅಡುಗೆಮನೆ, ಬಚ್ಚಲು, ಕೆಳಗಿಳಿಯುವ ಕಲ್ಲಿನ ಮೆಟ್ಟಿಲು. ಬಿಸಿನೀರಿನ ತೊಟ್ಟಿಗಳಲ್ಲಿ ಬೆಂದ ಗೂಡುಗಳು ತೇಲುತ್ತಿರುತ್ತವೆ. ಹಲವು ಗೂಡುಗಳ ಎಳೆ ಒಂದಾಗಿ ಸೇರಿ ಮೇಲಿನ ರಾಟೆಗೆ ಸುತ್ತಿಕೊಳ್ಳುತ್ತದೆ. ಒಂದು ಗೂಡು ಮುಗಿದ ಕೂಡಲೇ ಇನ್ನೊಂದರ ಎಳೆ ಸೇರಿಸಬೇಕು. ತಡವಾದರೆ ನೂಲು ತೆಳುವಾಗುತ್ತದೆ, ಇಲ್ಲವೇ ತುಂಡಾಗುತ್ತದೆ. ಗಂಡ ತೀರಿಕೊಂಡ ಮೇಲೆ ಪಿಳ್ಳಮ್ಮ ಒಬ್ಬರೇ ಆ ಶೆಡ್ಡು ನಡೆಸಿದವರು. ತೊಟ್ಟಿಗಳ ಹಿಂದೆ ನಿಂತು, ನೂಲು ಬಿಚ್ಚುವ ಹೆಂಗಸರಿಗೆ, "ನಾಗವೇಣಿ, ನಿಂದು ಎರಡನೇ ರಾಟೆ ನಿಂತೋಯ್ತು, ಗೂಡು ಹಾಕು" ಎನ್ನುವುದೇ ಅವರ ಕೆಲಸ. ಅವರು ನಿಂತಿದ್ದರೆ ನೂಲು ಒಂದೇ ಸಮ ಬರುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು.

ಆ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಇನ್ನು ಮೇಲೆ ಮೆಟ್ಟಿಲೂ ಬೇಡ, ಒದ್ದೆ ನೆಲವೂ ಬೇಡ ಎಂದು ಡಾಕ್ಟರು ಹೇಳಿಬಿಟ್ಟರು. ಮಗ ಮಂಜುನಾಥ ವಿಮಾನ ನಿಲ್ದಾಣದ ಕಡೆ ಕೆಲಸದಲ್ಲಿದ್ದಾನೆ. ಅಮ್ಮನನ್ನು ಕಂಡರೆ ಪ್ರಾಣ. ಆ ಪ್ರೀತಿಯಿಂದಲೇ ಅವನು ಶೆಡ್ಡನ್ನು ಪಕ್ಕದ ಬೀದಿಯ ಕೃಷ್ಣಪ್ಪನಿಗೆ ಬಾಡಿಗೆಗೆ ಕೊಡುವ ಮಾತಾಡಿದ್ದ. ಅಮ್ಮ ಹಠ ಮಾಡಿದ್ದರಿಂದ, ಹಜಾರದಲ್ಲಿ ಕೂತು ಕ್ಯಾಮೆರಾದಲ್ಲೇ ನೋಡಿಕೊಳ್ಳುವುದಾದರೆ ನೋಡೋಣ, ಆಗದಿದ್ದರೆ ಕೃಷ್ಣಪ್ಪನಿಗೆ, ಎಂದು ಒಪ್ಪಿಕೊಂಡಿದ್ದ. ನಾನು ಹೋಗಿ ಶೆಡ್ಡಿನಲ್ಲಿ ಮಾತಾಡುವ ವೈಫೈ ಕ್ಯಾಮೆರಾ ಹಾಕಿದೆ. ಫೋನಿನಿಂದ ಚಿತ್ರವನ್ನು ದೊಡ್ಡ ಟೀವಿಗೆ ಹಾರಿಸುವುದನ್ನು ತೋರಿಸಿಕೊಟ್ಟೆ. ರೇಷ್ಮೆ ಎಳೆ ಸಣ್ಣದಲ್ಲವೇ, ಕಾಣಲಿ ಎಂದು ಗುಣಮಟ್ಟವನ್ನು ತುತ್ತತುದಿಗೆ ಏರಿಸಿದೆ. ಖುಷಿಯಾಗಿ ಬಂದೆ.

ಎರಡು ದಿನಕ್ಕೆ ಫೋನು ಬಂತು. ಹೋದಾಗ ಪಿಳ್ಳಮ್ಮ ಹಜಾರದ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಮುಖ ಕೆಂಪಗಾಗಿತ್ತು.

"ಬಾರಪ್ಪ ಬಾ. ನಿನ್ನ ಟೀವೀಲಿ ಮೂರನೇ ರಾಟೆ ನೂಲು ಕೆಟ್ಟೋಗಿರೋದು ಕಾಣ್ತು. ಕಿತ್ತು ಹೊಸದಾಗಿ ಕಟ್ಟೇ ಅಂತ ಕೂಗ್ದೆ. ನಾಗವೇಣಿ ಆಗ್ಲೇ ಸರಿಮಾಡ್ಕೊಂಡಿದ್ಲಂತೆ. ಯಜಮಾನಿ ಹೇಳ್ತವ್ಳಲ್ಲ ಅಂತ ಚೆನ್ನಾಗಿ ಬರ್ತಿದ್ದ ನೂಲ್ನೇ ಕಿತ್ತಾಕ್ಬಿಟ್ಲು. ನಗೋದಾ ಅಳೋದಾ ಹೇಳು."

ಅದಕ್ಕಿಂತ ನೋವಾದದ್ದು ಮುಂದಿನ ಮಾತು. "ಕಿವಿಗೆ ರಾಟೆ ನಿಂತಿದ್ದು ಮೊದಲು ಕೇಳ್ತದೆ, ಕಣ್ಣಿಗೆ ಆಮೇಲೆ ಕಾಣ್ತದೆ. ನಂಗೇ ತಲೆ ಕೆಟ್ಟೈತೇನೋ ಅನ್ನಿಸ್ತದೆ ಕಣಪ್ಪಾ. ಮಂಜ ಭಾನುವಾರ ಕೃಷ್ಣಪ್ಪನ್ನ ಕರ್ಕೊಂಡು ಬರ್ತೀನಿ ಅಂದವ್ನೆ. ಶೆಡ್ಡು ಹೋದ್ರೆ ನಾನು ಈ ಮಂಚದ ಮೇಲೆ ಏನ್ ಮಾಡ್ಲಿ? ಧಾರಾವಾಹಿ ನೋಡ್ಲಾ?"

ಮೂವತ್ತು ವರ್ಷ ನಿಂತು ಕೆಲಸ ಮಾಡಿದ ಹೆಂಗಸು. ಅಂಗಡಿಗೆ ಫೋನು ಮಾಡಿದರೆ ಗೋಪಾಲಯ್ಯನವರು ಯಥಾಪ್ರಕಾರ, "ನೆಟ್ ಸ್ಲೋ ಇರ್ತದೆ ಕಣೋ" ಎಂದರು. ಪಕ್ಕದಲ್ಲಿದ್ದ ಮಂಜುನಾಥ ಆಗಲೇ ಅದನ್ನೂ ಮಾಡಿ ನೋಡಿದ್ದ. ಊರಿನಲ್ಲಿ ಸಿಗುವ ಅತಿ ವೇಗದ ಪ್ಲಾನು ಹಾಕಿಸಿದ್ದ, ತಡ ಒಂದಿಷ್ಟೂ ಕದಲಿರಲಿಲ್ಲ.

ನನ್ನದೊಂದು ಅಳತೆಯಿದೆ, ಬೇಕಾದರೆ ನೀವೂ ಇಟ್ಟುಕೊಳ್ಳಿ. ನಾಗವೇಣಿಯ ಕೈಗೆ ಸ್ಟೀಲ್ ತಟ್ಟೆ ಮತ್ತು ಸೌಟು ಕೊಟ್ಟು ಕ್ಯಾಮೆರಾ ಎದುರು ನಿಲ್ಲಿಸಿದೆ. ನಾನು ಹಜಾರದಲ್ಲಿ ಕಾಫಿ ಹಿಡಿದು ಕೂತೆ. ಹಿತ್ತಲಿನಿಂದ ಠಣ್ ಎಂದು ನೇರವಾಗಿ ಕೇಳಿತು. ಒಂದು ಗುಟುಕು ಕುಡಿದೆ, ಲೋಟ ಕೆಳಗಿಟ್ಟೆ, ಮೀಸೆ ಒರೆಸಿಕೊಂಡೆ. ಆಗ ಟೀವಿಯಲ್ಲಿ ನಾಗವೇಣಿ ಸೌಟು ಎತ್ತಿದಳು.

ಇಷ್ಟು ಹೊತ್ತು ಆ ಚಿತ್ರ ಎಲ್ಲಿಗೆ ಹೋಗಿತ್ತು? ಹಿತ್ತಲಿನ ಗೂಡಿನ ಚಿತ್ರ ಮನೆಯಿಂದ ಆಚೆ ಹೋಗಿ, ಯಾವುದೋ ದೇಶದ ಕಂಪ್ಯೂಟರಿಗೆ ಮುಟ್ಟಿ, ಅಲ್ಲಿಂದ ಫೋನಿಗೆ ಬಂದು, ಫೋನಿನಿಂದ ಟೀವಿಗೆ ಹಾರುತ್ತಿತ್ತು. ಹತ್ತು ಹೆಜ್ಜೆ ದೂರದ ಮನೆಗೆ ದೇಶ ಸುತ್ತಿ ಬರುವ ನೆಂಟನ ಕಥೆ ಇದು. ರಸ್ತೆ ಎಷ್ಟು ಅಗಲವಾದರೇನು, ಸುತ್ತುವುದು ತಪ್ಪುತ್ತದೆಯೇ?

"ಅಮ್ಮ, ಇದು ಮನೆ ಬಿಟ್ಟು ಆಚೆಗೇ ಹೋಗಬಾರದು. ವೈರು ಎಳೀತೀನಿ," ಎಂದೆ.

"ಎಳಿ. ನನ್ನ ಸೊಂಟ ಒಂದು ಬಿಟ್ಟು ಏನ್ ಬೇಕಾದ್ರೂ ಎಳಿ," ಎಂದರು ಪಿಳ್ಳಮ್ಮ.

ಮರುದಿನ ವೈರು ಎಳೆದೆ. ಹತ್ತಿರದ ದಾರಿ ಎಂದು ಒಲೆಯ ಹೊಗೆ ಕೊಳವೆಯ ಪಕ್ಕದಲ್ಲೇ ತಂದೆ. ಮಧ್ಯಾಹ್ನ ಗೂಡು ಬೇಯಿಸಲು ಒಲೆ ಜೋರು ಮಾಡಿದರು ನೋಡಿ, ವೈರಿನ ಮೈ ಮೇಣದಂತೆ ಕರಗಿ ಹಜಾರದವರೆಗೂ ವಾಸನೆ ಬಂತು. "ನಾನು ಸೊಂಟ ಮುರ್ಕೊಂಡೆ, ನೀನು ಮನೆ ಸುಡ್ತೀಯ ಗುರು!" ಎಂದು ಅವರು ಮಂಚದಿಂದಲೇ ಕೂಗಿದರು. ಇಡೀ ಶೆಡ್ಡು ನಕ್ಕಿತು. ಹೊಸ ವೈರನ್ನು ಬಚ್ಚಲ ಗವಾಕ್ಷಿಯ ಕಡೆಯಿಂದ ಸುತ್ತಿ ತಂದೆ. ಹಜಾರದಲ್ಲಿ ಟೀವಿಯ ಕೆಳಗೆ ರೆಕಾರ್ಡರ್ ಇಟ್ಟು, ಅದರಿಂದ ನೇರವಾಗಿ ಟೀವಿಗೆ ಕೊಟ್ಟೆ. ಫೋನು ಬೇಡ, ಆ್ಯಪ್ ಬೇಡ. ಅವರ ದನಿಗೂ ಅದೇ ನ್ಯಾಯ. ಭಜನೆ ಮನೆಯಲ್ಲಿ ಇಟ್ಟುಕೊಳ್ಳುವಂಥ ಸಾದಾ ಮೈಕು, ಅದರಿಂದ ವೈರು, ಶೆಡ್ಡಿನಲ್ಲಿ ಸ್ಪೀಕರು. ಚಿತ್ರ ಬೇಗ ಬಂದು ಮಾತು ತಡವಾಗಿ ಹೋದರೆ ಪ್ರಯೋಜನವೇನು?

ಮತ್ತೆ ತಟ್ಟೆ ಬಾರಿಸಿದೆವು. ಈಗ ಗುಟುಕು ನುಂಗುವಷ್ಟರಲ್ಲಿ ಸೌಟು ಬಂತು. ನಾನು ಕುಣಿದಾಡಿಬಿಟ್ಟೆ. ಪಿಳ್ಳಮ್ಮ ಕುಣಿಯಲಿಲ್ಲ. "ಇನ್ನೂ ಹಿಂದೈತೆ," ಎಂದರು. ಅಷ್ಟು ಹೊತ್ತಿನಲ್ಲಿ ನೂಲು ಎಷ್ಟೋ ದೂರ ಓಡಿರುತ್ತದೆ ಎಂಬುದು ಅವರ ಲೆಕ್ಕ.

ಪರದೆಯನ್ನೇ ನೋಡುತ್ತಾ ಕೂತೆ. ಶೆಡ್ಡಿನಲ್ಲಿ ಬರೀ ಹಬೆ. ಸದಾ ಅಲ್ಲಾಡುವ ಹಬೆ, ಸದಾ ತಿರುಗುವ ರಾಟೆ. ಖಾಲಿ ಅಂಗಳದ ಚಿತ್ರವಾದರೆ ಕ್ಯಾಮೆರಾಕ್ಕೆ ಹೊಸದಾಗಿ ಹೇಳುವುದು ಏನೂ ಇರುವುದಿಲ್ಲ. ಇಲ್ಲಿ ಹಬೆಯ ಒಂದೊಂದು ಸುರುಳಿಯನ್ನೂ ಅದು ಬರೆದು, ಮಡಚಿ, ಕಳಿಸಬೇಕು. ಅದರ ಮೇಲೆ ನಾನು ಗುಣಮಟ್ಟವನ್ನು ತುತ್ತತುದಿಗೆ ಏರಿಸಿ ಕೂರಿಸಿದ್ದೆ. ಇಳಿಸಿದರೆ ಬೇಗ ಬರುತ್ತದೆ, ಆದರೆ ಎಳೆ ಕಾಣುವುದಿಲ್ಲವಲ್ಲ ಎಂದು ಪಿಳ್ಳಮ್ಮನವರನ್ನೇ ಕೇಳಿದೆ.

"ಎಳೆ ಯಾರಿಗಪ್ಪ ಕಾಣ್ತದೆ? ಪಕ್ಕದಲ್ಲೇ ನಿಂತಾಗ್ಲೂ ನಂಗೆ ಕಾಣ್ತಿರ್ಲಿಲ್ಲ. ನಾನು ನೋಡೋದು ಗೂಡ್ನ. ನೂಲು ಬರ್ತಿದ್ರೆ ಗೂಡು ನೀರಲ್ಲಿ ಕುಣೀತದೆ. ನಿಂತ್ಕೊಂಡ್ರೆ ಮುಗೀತು ಅಂತ."

ನನಗೆ ನನ್ನ ಮೇಲೆಯೇ ನಗು ಬಂತು. ಯಾರಿಗೂ ಬೇಡದ ಎಳೆಯನ್ನು ತೋರಿಸಲು ಇಷ್ಟು ಒದ್ದಾಡಿದ್ದೆ. ಅವರು ಏನನ್ನು ನೋಡುತ್ತಾರೆ ಎಂದು ಮೊದಲ ದಿನವೇ ಕೇಳಿದ್ದರೆ ಆಗುತ್ತಿತ್ತು. ಈಗ ಕ್ಯಾಮೆರಾವನ್ನು ರಾಟೆಯಿಂದ ಕೆಳಗೆ ತೊಟ್ಟಿಗಳ ಕಡೆ ತಿರುಗಿಸಿ, ಹಬೆ ಕಡಿಮೆ ಇರುವ ಪಕ್ಕದಿಂದ ನೋಡುವಂತೆ ಕೂರಿಸಿದೆ. ಗುಣಮಟ್ಟ ಇಳಿಸಿದೆ. ಜಾಗ ಉಳಿಸಲು ಚಿತ್ರವನ್ನು ವಿಪರೀತ ಹಿಂಡುವ ಆಯ್ಕೆಯನ್ನು ತೆಗೆದುಹಾಕಿದೆ. ಚಿತ್ರ ಸ್ವಲ್ಪ ಒರಟಾಯಿತು. ಗೂಡು ಕುಣಿಯುವುದು ಮಾತ್ರ ಅಂಗೈ ಮೇಲಿಟ್ಟಂತೆ ಕಂಡಿತು.

ತಟ್ಟೆ ಠಣ್ ಎಂದಿತು. ಸೌಟು ಇನ್ನೂ ಕೂದಲೆಳೆಯಷ್ಟು ಹಿಂದೆ. ಪಿಳ್ಳಮ್ಮ ತಲೆಯಾಡಿಸಿದರು. ಶನಿವಾರ ಸಂಜೆಯಾಗಿತ್ತು, ನನಗೆ ತಿಳಿದದ್ದೆಲ್ಲ ಮುಗಿದಿತ್ತು. ಬೈಸಿಕೊಳ್ಳಲು ತಯಾರಾಗಿಯೇ ಗೋಪಾಲಯ್ಯನವರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ಶಿವಣ್ಣ, ಟೀವಿ ನೋಡ್ದಾ?" ಎಂದರು.

"ಟೀವಿ ಹೊಸದು ಸಾರ್, ಒಳ್ಳೇದು."

"ಅದ್ಕೇ ಹೇಳಿದ್ದು. ಒಳ್ಳೇ ಟೀವಿಗಳು ಚಿತ್ರಕ್ಕೆ ಸ್ನೋ ಪೌಡರ್ ಹಾಕಿ ಆಮೇಲೆ ತೋರಿಸ್ತವೆ. ನನ್ನ ಮೊಮ್ಮಗಳು ವಿಡಿಯೋ ಗೇಮ್ ಆಡೋವಾಗ ಗುಂಡು ಲೇಟಾಗಿ ಹೊಡೀತದೆ ಅಂತ ಅಳ್ತಿದ್ಲು. ಗೇಮ್ ಮೋಡ್ ಅಂತ ಐತೆ, ಹಾಕು. ಅಲಂಕಾರ ಎಲ್ಲ ಬಿಟ್ಟು ಬಂದಿದ್ದು ಬಂದಂಗೆ ತೋರಿಸ್ತದೆ."

ಹಾಕಿದೆ. ಬಣ್ಣ ಸ್ವಲ್ಪ ಸಪ್ಪೆಯಾಯಿತು. ನಾಗವೇಣಿಗೆ ಬಾರಿಸು ಎಂದೆ. ಠಣ್ ಎಂಬ ಸದ್ದೂ ಸೌಟೂ ಒಟ್ಟಿಗೇ ಬಂದವು. ಕಾಫಿ ಲೋಟ ಬಾಯಿಗೆ ಹೋಗಲೇ ಇಲ್ಲ. ಇನ್ನೊಂದು ಸಲ ಬಾರಿಸಿದಳು, ಮತ್ತೆ ಒಟ್ಟಿಗೇ. ಪಿಳ್ಳಮ್ಮ ಮೈಕು ತೆಗೆದುಕೊಂಡು, "ಸಾಕು ಕಣೇ, ತಟ್ಟೆ ಸೊಟ್ಟಗಾಗ್ತದೆ," ಎಂದರು. ನಾಗವೇಣಿ ಆ ಕ್ಷಣವೇ ಸೌಟು ಇಳಿಸಿ ಕ್ಯಾಮೆರಾದ ಕಡೆ ತಿರುಗಿ ನಕ್ಕಳು. ನಲವತ್ತು ಮನೆಗಳ ದೂರು ಒಮ್ಮೆಲೇ ತೀರಿಸಿದಂತೆ ನನ್ನ ಎದೆ ಉಬ್ಬಿತು. ಯಜಮಾನರನ್ನು ಅವತ್ತು ಮನಸಾರೆ ಹೊಗಳಿದೆ, ಅವರ ಮುಂದಲ್ಲ.

ಭಾನುವಾರ ಯಾರೂ ಕರೆಯದೆಯೇ ಹೋದೆ. ಕೃಷ್ಣಪ್ಪ ಆಗಲೇ ಬಂದಿದ್ದ. ಆತನೂ ನೂಲು ಬಿಚ್ಚಿಸುವ ಕಸುಬು ತಿಳಿದ ರೀಲರ್, ಕೆಟ್ಟವನಲ್ಲ. ಹಜಾರದಲ್ಲಿ ಕಾಫಿ ಕುಡಿದು, "ಪಿಳ್ಳಕ್ಕ, ನೀನು ಆರಾಮಾಗಿರು, ನಾನು ನೋಡ್ಕೊತೀನಿ," ಎಂದು ಶೆಡ್ಡು ನೋಡಲು ಎದ್ದ. ಪಿಳ್ಳಮ್ಮ ಮೈಕು ಹತ್ತಿರಕ್ಕೆ ಎಳೆದುಕೊಂಡರು. ಮಂಜುನಾಥ ಅಮ್ಮನ ಪಕ್ಕ ಮಂಚದ ತುದಿಯಲ್ಲಿ ಕೂತು ನೆಲ ನೋಡುತ್ತಿದ್ದ. ಕೃಷ್ಣಪ್ಪ ಮೆಟ್ಟಿಲಿಳಿದು ಟೀವಿಯೊಳಗೆ ಬಂದ.

ತೊಟ್ಟಿಗಳ ಪಕ್ಕ ನಡೆದ. ಪಿಳ್ಳಮ್ಮ ಎಂದಿನಂತೆ ಕೆಲಸ ನಡೆಸುತ್ತಿದ್ದರು. "ನಾಗವೇಣಿ, ಮೊದಲನೇದು." ನಾಗವೇಣಿಯ ಕೈ ಆಗಲೇ ಗೂಡಿನ ಮೇಲಿತ್ತು. "ನಾಲ್ಕನೇದು ನೋಡು." ಎಳೆ ಸೇರಿತು, ಗೂಡು ಕುಣಿಯಿತು. ಕೃಷ್ಣಪ್ಪ ನಿಂತು ಸ್ಪೀಕರಿನ ಕಡೆ ಒಮ್ಮೆ, ತೊಟ್ಟಿಯ ಕಡೆ ಒಮ್ಮೆ ನೋಡಿದ.

ರೀಲರ್‌ಗಳಿಗೆ ಒಂದು ಅಭ್ಯಾಸವಿದೆ. ಇನ್ನೊಬ್ಬರ ಶೆಡ್ಡಿಗೆ ಹೋದರೆ ಕೈ ಸುಮ್ಮನಿರುವುದಿಲ್ಲ. ಓಡುತ್ತಿರುವ ನೂಲನ್ನು ಎರಡು ಬೆರಳಲ್ಲಿ ಹಿಡಿದು ಅದರ ದಪ್ಪ ನೋಡುತ್ತಾರೆ. ನುರಿತ ಬೆರಳಾದರೂ ಹತ್ತರಲ್ಲಿ ಒಂದು ಸಲ ನೂಲು ತುಂಡಾಗುತ್ತದೆ. ಕೃಷ್ಣಪ್ಪನ ಬಲಗೈ ಎದ್ದಿತು. ಹೆಬ್ಬೆರಳು, ತೋರುಬೆರಳು ತೆರೆದುಕೊಂಡು ನೂಲಿನ ಕಡೆ ಹೊರಟವು.

"ಕೃಷ್ಣಪ್ಪಾ, ಕೈ ಹಿಂದಕ್ಕೆ ತಗೋ!"

ಕೈ ಗಾಳಿಯಲ್ಲೇ ನಿಂತಿತು. ನೂಲಿಗೂ ಬೆರಳಿಗೂ ನಡುವೆ ಇನ್ನೂ ಗೇಣು ಅಂತರವಿತ್ತು. ರಾಟೆ ತಿರುಗುತ್ತಲೇ ಇತ್ತು. ಶೆಡ್ಡಿನ ಹೆಂಗಸರೆಲ್ಲ ಒಮ್ಮೆಲೇ ಹೋ ಎಂದರು. ಆ ಸದ್ದು ಅಡುಗೆಮನೆ ದಾಟಿ ಹಜಾರಕ್ಕೆ ಬಂತು, ಅದೇ ಕ್ಷಣ ಟೀವಿಯಲ್ಲಿ ಅವರ ಬಾಯಿಗಳೂ ತೆರೆದವು. ಕೃಷ್ಣಪ್ಪ ಬೆಚ್ಚಿ ಹಿಂದೆ ತಿರುಗಿ ನೋಡಿದ, ಪಿಳ್ಳಮ್ಮ ನಿಜವಾಗಿ ಹಿಂದೆ ನಿಂತಿದ್ದಾರೇನೋ ಎಂಬಂತೆ. ಯಾರೂ ಇರಲಿಲ್ಲ. ಆಮೇಲೆ ಕ್ಯಾಮೆರಾ ಹುಡುಕಿ, ಅದರ ಕಡೆ ಎರಡೂ ಕೈ ಮುಗಿದ.

ಮಂಜುನಾಥನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಅಮ್ಮಾ, ಅವನು ಮುಟ್ಟೋಕ್ ಮುಂಚೇನೇ..." ಎಂದು ಮಾತು ಮುಗಿಸಲಾರದೆ ಅಮ್ಮನ ಕೈ ಹಿಡಿದುಕೊಂಡ. ಬಿದ್ದಾಗಿನಿಂದ ಆ ಮನೆಯಲ್ಲಿ ಪಿಳ್ಳಮ್ಮ ಹೇಳಿದ್ದೆಲ್ಲ ತಡವಾದ ಮಾತೇ ಆಗಿತ್ತು. ಅವತ್ತು ಅವರ ಮಾತು ಮೊದಲು ಬಂತು.

ಕೃಷ್ಣಪ್ಪ ಮೆಟ್ಟಿಲು ಹತ್ತಿ ಬಂದವನು ಕೂರಲಿಲ್ಲ. "ಪಿಳ್ಳಕ್ಕ, ಈ ಶೆಡ್ಡಲ್ಲಿ ಯಜಮಾನಿ ನಿಂತವ್ಳೆ. ಯಜಮಾನಿ ಇರೋ ಶೆಡ್ಡು ನಾನ್ಯಾಕೆ ತಗೊಳ್ಲಿ?" ಎಂದ. ಆಮೇಲೆ ನನ್ನ ಕಡೆ ತಿರುಗಿ, ತಲೆ ಕೆರೆದುಕೊಂಡು, "ನಮ್ಮ ಶೆಡ್ಡಿಗೂ ಇಂಥದ್ದೊಂದು ಹಾಕ್ಕೊಡ್ತೀಯಾ ಶಿವಣ್ಣ? ಹಾಕಿದ್ರೂ ನೋಡೋರು ಯಾರು ಅಂತ. ನಮ್ಮನೇಲಿ ಇಂಥಾ ಕಣ್ಣು ಯಾರಿಗೂ ಇಲ್ಲ," ಎಂದ.

ಪಿಳ್ಳಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. ಮೈಕಿನ ಮೇಲೆ ಕೈ ಮುಚ್ಚಿ, "ಪಕ್ಕದ ಬೀದಿ ತಾನೆ? ವೈರು ಇಲ್ಲಿಗೇ ಎಳ್ಸು, ನಿಂದೂ ನಾನೇ ನೋಡ್ತೀನಿ," ಎಂದು ಹೇಳಿ ಮತ್ತೆ ಕೈ ತೆಗೆದರು. "ನಾಗವೇಣಿ, ಎರಡನೇದು."